ಒಂದ ಉಂಡಿ ತಿಂದ್ರ ಏನಾಗತೈತಿ?

‘ಅಕ್ಕೋರ, ಒಂದ ಉಂಡಿ ತಿಂದ್ರ ಏನಾಗತೈತ್ರಿ?’ ನಾಗರಪಂಚಮಿ ಬಂತೆಂದರೆ ರೋಣದಲ್ಲಿ ನೆರೆಮನೆಯವರು, ನರಗುಂದದಲ್ಲಿ ತವರಿನವರು, ಗಜೇಂದ್ರಗಡದಲ್ಲಿ ಬೀಗರು ಕೇಳುವುದು ಇದೊಂದೇ ಮಾತು. ಎಳ್ಳಿನದು, ಶೇಂಗಾದ್ದು, ರವೆಯದು, ಬೇಸನ್ನಿನದು. ಮನೆಗೊಂದರಂತೆ ತಿಂದರೂ ಸಂಜೆಗೆ ಹತ್ತಾಗುತ್ತವೆ.

ಏಕಾದಶಿ ಎಂದರೆ ಯಾರೂ ಬಲವಂತವಾಗಿ ಬಡಿಸುವುದಿಲ್ಲ. ದೇವರಿಗಾಗಿ ಬಾಯಿ ಕಟ್ಟಿದ ಹೆಂಗಸಿಗೆ ಕೈಮುಗಿಯುವವರು, ತನ್ನ ದೇಹಕ್ಕಾಗಿ ಬಾಯಿ ಕಟ್ಟಿದವಳಿಗೆ ಮಾತ್ರ ‘ಸೊಕ್ಕು’ ಎನ್ನುತ್ತಾರೆ. ಇದ್ಯಾವ ನ್ಯಾಯ? ಹಾಗೆನ್ನುವವರೂ ನಾವೇ, ಹೆಂಗಸರೇ!

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು. ಅವರೆಲ್ಲ ನಮ್ಮ ಓಣಿಯ ಹೊರಗೇ ಇದ್ದಾರೆಯೆ?

‘ಅನ್ನ ಬಿಡ್ರಿ, ರೊಟ್ಟಿ ಎಷ್ಟಾರ ತಿನ್ರಿ’ ಎಂಬ ಉಪದೇಶವೂ ಬೇಡ. 100 ಗ್ರಾಂ ಜೋಳದಲ್ಲೂ ಸುಮಾರು 70 ಗ್ರಾಂ ಶರ್ಕರಪಿಷ್ಟವೇ. ನನ್ನ ತಾಟಿನಲ್ಲಿ ಒಂದೇ ರೊಟ್ಟಿ. ಉಳಿದ ಜಾಗ ಪುಂಡಿಪಲ್ಯ, ಹೆಸರುಕಾಳು, ಹಕ್ಕರಿಕೆ, ಮೊಸರಿಗೆ. (ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಹೀಗೆ ಮಾಡಬಾರದು, ಸಕ್ಕರೆ ತೀರ ಇಳಿದೀತು.)

ಪಂಚಮಿಗೆ ಬರುತ್ತೇನೆ, ಜೋಕಾಲಿಯನ್ನೂ ಆಡುತ್ತೇನೆ. ಒಂದು ಬಟ್ಟಲು ಉಸಳಿ ಕೊಡಿ, ಉಂಡಿಯ ಡಬ್ಬಿ ಮುಚ್ಚಿಯೇ ಇರಲಿ.