ಬೆಕ್ಕಿನ ಹತ್ತು ಬೆರಳು

ಬೆಕ್ಕಿನ ಉಗುರು ಬೆರಳಿನ ತುದಿಯ ಪುಟ್ಟ ಮೂಳೆಯಿಂದಲೇ ಬೆಳೆದು ಬರುತ್ತದೆ. ಅದು ಮತ್ತೆ ಚಿಗುರಬಾರದು ಎಂದರೆ ಆ ಮೂಳೆಯನ್ನೇ ಕೀಲಿನಲ್ಲಿ ಬಿಡಿಸಿ ತೆಗೆಯಬೇಕು. ಅಮೆರಿಕದಲ್ಲಿ ದಶಕಗಳಿಂದ ನಡೆಯುತ್ತಿರುವ ‘ಡಿಕ್ಲಾ’ ಶಸ್ತ್ರಚಿಕಿತ್ಸೆ ಇದೇ. ನಮ್ಮ ಬೆರಳನ್ನು ಉಗುರಿನ ಹಿಂದಿನ ಗೆಣ್ಣಿಗೆ ಕತ್ತರಿಸಿದರೆ ಎಷ್ಟು ಹೋದೀತೋ ಬೆಕ್ಕಿಗೂ ಅಷ್ಟೇ ಹೋಗುತ್ತದೆ. ಮುಂಗಾಲುಗಳಲ್ಲಿ ತಲಾ 5, ಒಟ್ಟು 10 ಬೆರಳು. ಹಿಂಗಾಲಿನವನ್ನೂ ತೆಗೆಸಿದರೆ 18. ಬಹುಪಾಲು ಬೆಕ್ಕುಗಳಿಗೆ ಇದನ್ನು ಮಾಡಿಸುವುದು ಸೋಫಾ ಪರಚುತ್ತವೆ ಎಂಬ ಕಾರಣಕ್ಕೆ.

ಆಪರೇಷನ್ ಆದ ಬೆಕ್ಕನ್ನು ಒಂದೆರಡು ರಾತ್ರಿ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುತ್ತಾರೆ. ಎರಡೂ ಪಂಜಕ್ಕೆ ಬ್ಯಾಂಡೇಜು ಸುತ್ತಿರುತ್ತದೆ. ಅದನ್ನು ಬಿಚ್ಚಿ ಮನೆಗೆ ಕಳಿಸುವಾಗ ಡಾಕ್ಟರು ಕೆಲವು ಮಾತು ಹೇಳುತ್ತಾರೆ. ಎತ್ತರದಿಂದ ಹಾರಲು ಬಿಡಬೇಡಿ, ಗಾಯ ನೆಕ್ಕದಂತೆ ಕೊರಳಿಗೆ ಕಾಲರ್ ಹಾಕಿ, ಮಲಮೂತ್ರದ ಟ್ರೇಯಲ್ಲಿ ಮಾಮೂಲಿ ಲಿಟರ್, ಅಂದರೆ ಜೇಡಿಮಣ್ಣಿನ ಹರಳು, ಬೇಡ, ಹರಿದ ಕಾಗದ ಹಾಕಿ. ಆ ಹರಳು ಹಸಿಗಾಯದೊಳಗೆ ಸೇರಿಕೊಳ್ಳುತ್ತದೆ ಎಂಬ ಕಾರಣಕ್ಕೆ ಈ ಕಾಗದ. ಬೆಕ್ಕಾದರೋ ಉಚ್ಚೆ ಹೊಯ್ಯುವ ಮೊದಲು ಕೆದಕುತ್ತದೆ, ಆಮೇಲೆ ಮುಚ್ಚುತ್ತದೆ. ಎರಡಕ್ಕೂ ಬೇಕಾದದ್ದು ಈಗಷ್ಟೇ ಕತ್ತರಿಸಿದ ಆ ಬೆರಳ ತುದಿಗಳೇ. ಟ್ರೇಗೆ ಕಾಲಿಟ್ಟಾಗಲೆಲ್ಲ ನೋವಾದರೆ ಆ ಟ್ರೇಯೇ ನೋವು ಕೊಡುತ್ತಿದೆ ಎಂದು ಅದು ಎಣಿಸಿಕೊಳ್ಳುತ್ತದೆ. ಈ ಎಣಿಕೆ ಗಾಯ ಮಾಯ್ದ ಮೇಲೂ ಉಳಿಯಬಹುದು.

ಎಲ್ಲವೂ ಸುಸೂತ್ರವಾದರೆ 10ರಿಂದ 14 ದಿನಕ್ಕೆ ಚರ್ಮ ಕೂಡಿಕೊಳ್ಳುತ್ತದೆ. ಮರಿಗಳು ಬೇಗ ಓಡಾಡತೊಡಗುತ್ತವೆ. ವಯಸ್ಸಾದ, ತೂಕದ ಬೆಕ್ಕುಗಳು ಅದಕ್ಕಿಂತ ಬಹುಕಾಲ ಕುಂಟುತ್ತವೆ. ಈ ದಿನಗಳಲ್ಲಿ ಕೊಡುವ ನೋವಿನ ಔಷಧಿಯ ಬಗ್ಗೆ ಬೆಕ್ಕು ಸಾಕಿರುವ ಎಲ್ಲರೂ ತಿಳಿದಿರಬೇಕಾದ ಸಂಗತಿಯೊಂದಿದೆ. ಮನುಷ್ಯರ ಜ್ವರದ ಮಾತ್ರೆ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ, ಒಂದೇ ಮಾತ್ರೆಯಲ್ಲಿ ಪ್ರಾಣ ಹೋಗಬಹುದು. ಪ್ರಾಣಿಗಳಿಗೆಂದೇ ಇರುವ ಮೆಲಾಕ್ಸಿಕಾಮ್ ಕೂಡ ಪದೇಪದೇ ಕೊಟ್ಟರೆ ಬೆಕ್ಕಿನ ಮೂತ್ರಪಿಂಡಕ್ಕೆ ಅಪಾಯ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಅದರ ಲೇಬಲ್ ಮೇಲೆಯೇ ಎಚ್ಚರಿಕೆ ಹಾಕಿಸಿತು. ಹತ್ತು ಮೂಳೆ ಕತ್ತರಿಸಿಕೊಂಡ ಪ್ರಾಣಿಗೆ ಬಹಳ ದಿನ ಧಾರಾಳವಾಗಿ ಕೊಡಬಹುದಾದ ನೋವಿನ ಔಷಧಿಗಳು ಕಡಿಮೆ ಎಂಬುದನ್ನು ಸೋಫಾ ಉಳಿಸಿಕೊಳ್ಳಲು ಹೊರಟವರು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ರಕ್ತಸ್ರಾವ, ಸೋಂಕು, ಗಾಯ ಮತ್ತೆ ಬಿಟ್ಟುಕೊಳ್ಳುವುದು, ಇವು ಕೂಡಲೇ ಕಾಣುವ ತೊಡಕುಗಳು. ಕಂಡದ್ದಕ್ಕೆ ಮದ್ದು ಮಾಡುತ್ತಾರೆ. ನನ್ನನ್ನು ಕಾಡುವುದು ತಡವಾಗಿ ಬರುವ ತೊಡಕುಗಳು. ಕತ್ತರಿಸುವಾಗ ತುದಿಮೂಳೆಯ ಚೂರೊಂದು ಒಳಗೇ ಉಳಿದುಬಿಡಬಹುದು. ಕತ್ತರಿಯಂಥ ಕ್ಲಿಪ್ಪರ್ ಬಳಸಿದಾಗ ಈ ಸಂಭವ ಹೆಚ್ಚು. ಉಗುರು ಹುಟ್ಟಿಸುವ ಜೀವಕೋಶಗಳು ಆ ಚೂರಿಗೆ ಅಂಟಿಕೊಂಡಿದ್ದರೆ ತಿಂಗಳುಗಳು, ಒಮ್ಮೊಮ್ಮೆ ವರ್ಷಗಳು ಕಳೆದ ಮೇಲೆ ಸೊಟ್ಟ ಉಗುರೊಂದು ಚರ್ಮದ ಕೆಳಗೇ ಬೆಳೆಯತೊಡಗುತ್ತದೆ. ಹೊರಗೆ ಬರಲು ದಾರಿ ಸಿಗದೆ ಕೀವು ಕಟ್ಟುತ್ತದೆ. ಬೆರಳನ್ನು ಮಡಿಸುವ ಸ್ನಾಯುರಜ್ಜು ಕೂಡ ಈ ತುದಿಮೂಳೆಗೇ ಅಂಟಿರುವಂಥದ್ದು. ಮೂಳೆ ಹೋದ ಮೇಲೆ ಅದು ಹಿಂದಕ್ಕೆ ಸರಿದು, ಗಾಯ ಮಾಯುವಾಗ ಸಿಕ್ಕಲ್ಲಿ ಕಚ್ಚಿಕೊಳ್ಳುತ್ತದೆ. ಆಗ ಬೆರಳು ಬಿಚ್ಚಲಾಗದಂತೆ ಒಳಕ್ಕೆ ಮಡಿಚಿಕೊಂಡೇ ಇರುತ್ತದೆ. ತುಂಡಾದ ನರದ ತುದಿಯಿಂದ ಹುಟ್ಟುವ ನೋವು ಬೇರೆ. ಲೇಸರ್‌ನಿಂದ ಮಾಡಿದರೆ ರಕ್ತ ಹೋಗುವುದು ಕಡಿಮೆ ಎಂದು ಜಾಹೀರಾತು ಕೊಡುತ್ತಾರೆ. ಕಡಿಮೆ ಹೌದು. ತೆಗೆಯುವುದು ಮಾತ್ರ ಅದೇ ಹತ್ತು ಮೂಳೆಗಳನ್ನು.

ಬೆಕ್ಕು ನಮ್ಮ ಹಾಗೆ ಅಂಗಾಲೂರಿ ನಡೆಯುವುದಿಲ್ಲ, ಬೆರಳುಗಳ ಮೇಲೆ ನಡೆಯುತ್ತದೆ. ಬೆರಳು ಮೊಂಡಾದರೆ ಭಾರ ಹಿಂದಕ್ಕೆ ಜಾರುತ್ತದೆ, ನಿಲ್ಲುವ ರೀತಿ ಬದಲಾಗುತ್ತದೆ, ಅದರ ಹೊರೆ ಬೆನ್ನುಮೂಳೆಯ ಮೇಲೆ ಬೀಳುತ್ತದೆ. 2018ರಲ್ಲಿ ಪಶುವೈದ್ಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನ 274 ಬೆಕ್ಕುಗಳನ್ನು ಪರೀಕ್ಷಿಸಿತ್ತು. ಅರ್ಧದಷ್ಟು, ಅಂದರೆ 137, ಉಗುರು ತೆಗೆಸಿಕೊಂಡವು. ಅವುಗಳ ಪೈಕಿ ಶೇಕಡ 63ರಷ್ಟರ ಪಂಜದಲ್ಲಿ ಮೂಳೆಯ ಚೂರು ಉಳಿದದ್ದು ಎಕ್ಸ್‌ರೇಯಲ್ಲಿ ಕಂಡಿತು. ಬೆನ್ನುನೋವು, ಕಚ್ಚುವುದು, ಟ್ರೇ ಬಿಟ್ಟು ಬೇರೆಡೆ ಗಲೀಜು ಮಾಡುವುದು, ಮೈಯ ಕೂದಲನ್ನು ತಾನೇ ನೆಕ್ಕಿ ಬೋಳಿಸಿಕೊಳ್ಳುವುದು, ಎಲ್ಲವೂ ಈ ಬೆಕ್ಕುಗಳಲ್ಲಿ ಹೆಚ್ಚು. ಚೂರು ಉಳಿಯದಂತೆ ಶುದ್ಧವಾಗಿ ಕತ್ತರಿಸಿದ ಬೆಕ್ಕುಗಳಲ್ಲೂ ಕಚ್ಚುವುದು, ಗಲೀಜು ಮಾಡುವುದು ಹೆಚ್ಚಾಗಿಯೇ ಇತ್ತು. ಕೈಚಳಕ ಇರುವ ಡಾಕ್ಟರು ಮಾಡಿದರೆ ತೊಂದರೆಯಿಲ್ಲ ಎಂಬ ವಾದ ಇದರ ಮುಂದೆ ನಿಲ್ಲುವುದಿಲ್ಲ.

ನನ್ನ ಅಕ್ಕನ ಮಗಳು ಅಮೆರಿಕದ ಡಲ್ಲಾಸ್ ಹತ್ತಿರ ಇದ್ದಾಳೆ. ಪ್ರಾಣಿಗಳ ಆಶ್ರಯಧಾಮದಿಂದ ಬೂದುಬಣ್ಣದ ಬೆಕ್ಕೊಂದನ್ನು ತಂದುಕೊಂಡಳು. ಮೊದಲಿನ ಮನೆಯವರು ಅದರ ಉಗುರು ತೆಗೆಸಿ, ಕೆಲವು ವರ್ಷ ಸಾಕಿ, ಕಚ್ಚುತ್ತದೆ, ಕಾರ್ಪೆಟ್ ಮೇಲೆ ಉಚ್ಚೆ ಹೊಯ್ಯುತ್ತದೆ ಎಂದು ಬಿಟ್ಟುಹೋಗಿದ್ದರಂತೆ. ಇವಳ ಮನೆಯಲ್ಲೂ ಅದೇ ಶುರುವಾಯಿತು. “ನನ್ನ ಮೇಲಿನ ಸಿಟ್ಟಿಗೆ ಹೀಗೆ ಮಾಡ್ತಿದೆ ಅಂದ್ಕೊಂಡಿದ್ದೆ ಚಿಕ್ಕಮ್ಮ” ಎಂದಳು ಫೋನಿನಲ್ಲಿ. ಪಂಜದ ಎಕ್ಸ್‌ರೇ ತೆಗೆದಾಗ ಹಲವು ಬೆರಳುಗಳಲ್ಲಿ ಮೂಳೆಯ ಚೂರು ಕಂಡವು. ಮತ್ತೊಂದು ಆಪರೇಷನ್ ಮಾಡಿ ಅವನ್ನು ತೆಗೆದರು. ನರದ ನೋವಿಗೆ ಗ್ಯಾಬಪೆಂಟಿನ್ ಕೊಟ್ಟರು. ಅಂಚು ತಗ್ಗಿನ ದೊಡ್ಡ ಟ್ರೇ, ಅದರಲ್ಲಿ ಮೆತ್ತನೆಯ ಲಿಟರ್ ಬಂತು. ಬೆಕ್ಕು ಪೂರ್ತಿ ಗುಣವಾಯಿತು ಎನ್ನಲಾರೆ. ಕಚ್ಚುವುದು ನಿಂತಿದೆ, ಮಂಚ ಹತ್ತುತ್ತದೆ. ಪಂಜ ಮುಟ್ಟಿದರೆ ಈಗಲೂ ಕಾಲು ಎಳೆದುಕೊಳ್ಳುತ್ತದೆ. ಮೊದಲ ಮನೆಯವರ ಲೆಕ್ಕದಲ್ಲಿ ಇದು ಯಶಸ್ವಿ ಶಸ್ತ್ರಚಿಕಿತ್ಸೆಯೇ ಆಗಿದ್ದಿರಬೇಕು. ಗಾಯ ಮಾಯ್ದಿತ್ತು, ಸೋಫಾ ಉಳಿದಿತ್ತು. ನೋವು ಸುಸ್ತಾಗಿ ಮಲಗುವ ಬೆಕ್ಕಾಗಿ, ಕಚ್ಚುವ ಬೆಕ್ಕಾಗಿ, ಗಲೀಜು ಮಾಡುವ ಬೆಕ್ಕಾಗಿ ತೋರಿತು. ಅದನ್ನು ದುರ್ಗುಣ ಎಂದುಕೊಂಡರು. ನೋವು ಕೊಟ್ಟು, ಆ ನೋವಿಗೇ ಶಿಕ್ಷೆ ಕೊಟ್ಟು ಹೊರಗಟ್ಟುವ ಈ ಅನ್ಯಾಯವನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಆಪರೇಷನ್ ಆದ ವಾರದಲ್ಲೂ ಅಳುವುದಿಲ್ಲ, ಮೂಲೆ ಹಿಡಿದು ಕೂರುತ್ತದೆ. ಅದರ ಮುಖ ಓದುವುದನ್ನು ಕಲಿಯಬೇಕು. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಇದಕ್ಕೊಂದು ಅಳತೆಗೋಲನ್ನೇ ಕೊಟ್ಟಿದ್ದಾರೆ. ಕಿವಿ ಪಕ್ಕಕ್ಕೆ ತಿರುಗಿ ಅಗಲವಾಗುವುದು, ಕಣ್ಣು ಕಿರಿದಾಗುವುದು, ಮೂತಿ ಬಿಗಿಯುವುದು, ಮೀಸೆ ನೆಟ್ಟಗಾಗಿ ಮುಂದಕ್ಕೆ ಚಾಚುವುದು, ತಲೆ ಹೆಗಲಿಗಿಂತ ಕೆಳಗಿಳಿಯುವುದು. ಡಾಕ್ಟರಲ್ಲದವರೂ ಇವನ್ನು ಗುರುತಿಸಬಹುದು.

ಅಮೆರಿಕದಲ್ಲಿ ಈ ಪದ್ಧತಿ ಬೇರೂರಿದ್ದು ಬೆಕ್ಕು ಮನೆಯೊಳಗಿನ ಪ್ರಾಣಿಯಾದ ಮೇಲೆ. 1947ರಲ್ಲಿ ಎಡ್ ಲೋ ಎಂಬಾತ ಜೇಡಿಮಣ್ಣಿನ ಲಿಟರನ್ನು ಮಾರುಕಟ್ಟೆಗೆ ತಂದ ನಂತರ ಬೆಕ್ಕನ್ನು ಹೊರಗೆ ಬಿಡದೆ ಸಾಕುವುದು ಸುಲಭವಾಯಿತು. ಒಳಗಿದ್ದ ಬೆಕ್ಕು ಮರದ ಕಾಂಡದ ಬದಲು ಕುರ್ಚಿಯ ಕಾಲು ಪರಚಿತು. ಉಗುರು ತೆಗೆಸಿದ ಬೆಕ್ಕಾದರೆ ಮಾತ್ರ ಮನೆ ಕೊಡುತ್ತೇವೆ ಎಂದು ಬಾಡಿಗೆ ಕರಾರಿನಲ್ಲಿ ಬರೆಸುವ ಮಾಲೀಕರೂ ಬಂದರು. ಕ್ಯಾಲಿಫೋರ್ನಿಯಾ 2013ರಿಂದ ಅಂಥ ಷರತ್ತನ್ನು ಕಾನೂನಿನ ಮೂಲಕ ತಡೆಯಿತು. ಅದಕ್ಕೂ ಹತ್ತು ವರ್ಷ ಮೊದಲು ಅದೇ ರಾಜ್ಯದ ವೆಸ್ಟ್ ಹಾಲಿವುಡ್ ನಗರ ಈ ಶಸ್ತ್ರಚಿಕಿತ್ಸೆಯನ್ನೇ ನಿಷೇಧಿಸಿತ್ತು. ಅದರ ವಿರುದ್ಧ ನ್ಯಾಯಾಲಯಕ್ಕೆ ಹೋದದ್ದು ರಾಜ್ಯದ ಪಶುವೈದ್ಯರ ಸಂಘವೇ, ಗೆದ್ದದ್ದು ನಗರ. 2019ರಲ್ಲಿ ನ್ಯೂಯಾರ್ಕ್ ಇಡೀ ರಾಜ್ಯಕ್ಕೆ ನಿಷೇಧ ತಂದಿತು. ಇಸ್ರೇಲ್ 2011ರಲ್ಲೇ ಜೈಲುಶಿಕ್ಷೆ ಇಟ್ಟು ನಿಷೇಧಿಸಿತ್ತು. ಉಗುರು ತೆಗೆಸಲು ಬಿಡದಿದ್ದರೆ ಜನ ಬೆಕ್ಕನ್ನೇ ಬೀದಿಗೆ ಬಿಡುತ್ತಾರೆ ಎಂದು ಹೆದರಿಸುವವರು ಎಲ್ಲ ಕಡೆಯೂ ಇದ್ದರು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2018ರ ನಿಷೇಧದ ಹಿಂದುಮುಂದಿನ ಲೆಕ್ಕ ತೆಗೆದು ನೋಡಿದಾಗ ಆಶ್ರಯಧಾಮಗಳಿಗೆ ಬೆಕ್ಕು ಬಿಟ್ಟುಹೋಗುವುದರಲ್ಲಿ ಅಂಥ ಏರಿಕೆ ಕಾಣಲಿಲ್ಲ.

ನಮ್ಮಲ್ಲಿ ಉಗುರು ತೆಗೆಸುವುದು ರೂಢಿಗೆ ಬಂದಿಲ್ಲ. ಹಳ್ಳಿಯ ಬೆಕ್ಕಿಗೆ ಇಲಿ ಹಿಡಿಯುವ ಕೆಲಸವಿತ್ತು, ಅದರ ಉಗುರಿನ ಗೊಡವೆಗೆ ಯಾರೂ ಹೋಗುತ್ತಿರಲಿಲ್ಲ. ಈಗ ಬೆಂಗಳೂರಿನ ಎಂಟನೇ ಮಹಡಿಯ ಫ್ಲ್ಯಾಟಿನಲ್ಲಿ ಪರ್ಷಿಯನ್ ಬೆಕ್ಕು, ಪಕ್ಕದಲ್ಲೇ ಲಕ್ಷ ರೂಪಾಯಿಯ ಸೋಫಾ. “ಉಗುರು ಪೂರ್ತಿ ತೆಗೆಸಕ್ಕೆ ಎಷ್ಟಾಗುತ್ತೆ?” ಎಂದು ಕೇಳಿಕೊಂಡು ಬರುವವರಿದ್ದಾರೆ ಎಂದು ಪರಿಚಯದ ಪಶುವೈದ್ಯರೊಬ್ಬರು ಹೇಳಿದಾಗ ಈ ಅಂಕಣ ಬರೆಯಲೇಬೇಕು ಅನ್ನಿಸಿತು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ನಮ್ಮ 1960ರ ಕಾಯ್ದೆ ಪ್ರಾಣಿಯ ಅಂಗ ಊನಗೊಳಿಸುವುದನ್ನು 11ನೇ ಸೆಕ್ಷನ್‌ನಲ್ಲಿ ಅಪರಾಧ ಎನ್ನುತ್ತದೆ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಬೆಕ್ಕಿನ ಬೆರಳ ತುದಿ ತೆಗೆಯುವುದನ್ನು ಅದು ಹೆಸರಿಟ್ಟು ಹೇಳುವುದಿಲ್ಲ. ಕರ್ನಾಟಕ ಪಶುವೈದ್ಯ ಪರಿಷತ್ತು ಈಗಲೇ, ಇದನ್ನು ಮಾಡುವವರೂ ಮಾಡಿಸುವವರೂ ಬೆರಳೆಣಿಕೆಯಷ್ಟಿರುವಾಗಲೇ, ರೋಗ ಅಥವಾ ಗಡ್ಡೆಯಂಥ ಕಾರಣವಿಲ್ಲದೆ ಇದನ್ನು ಮಾಡಕೂಡದು ಎಂದು ತನ್ನ ವೈದ್ಯರಿಗೆ ಬರೆದು ತಿಳಿಸಲಿ. ಇದು ಕ್ಲಿನಿಕ್ಕುಗಳ ವ್ಯಾಪಾರವಾದ ಮೇಲೆ ನಿಲ್ಲಿಸುವುದು ಎಷ್ಟು ಕಷ್ಟ ಎಂಬುದನ್ನು ಅಮೆರಿಕದಲ್ಲಿ ನೋಡಿದ್ದಾಗಿದೆ.

ಪರಚುವುದು ಬೆಕ್ಕಿಗೆ ಚಟವಲ್ಲ. ಉಗುರಿನ ಹಳೆಯ ಪೊರೆ ಕಳಚುವುದು, ಬೆನ್ನು ಚಾಚುವುದು, ಪಂಜದ ವಾಸನೆ ಬಿಟ್ಟು ಇದು ನನ್ನ ಜಾಗ ಎಂದು ಸಾರುವುದು, ಮೂರೂ ಅದರಲ್ಲಿವೆ. ಆದ್ದರಿಂದ ಪರಚಲು ಒಂದು ಜಾಗ ಕೊಡಲೇಬೇಕು. ಅಲುಗಾಡದ ಒಂದು ಮರದ ಕಂಬಕ್ಕೆ ತೆಂಗಿನ ನಾರಿನ ಹಗ್ಗವನ್ನು ಒತ್ತಾಗಿ ಸುತ್ತಿ, ಇಲ್ಲವೇ ಗೋಣಿತಟ್ಟು ಬಿಗಿದು, ಬೆಕ್ಕು ಹಿಂಗಾಲ ಮೇಲೆ ನಿಂತು ಪೂರ್ತಿ ಮೈ ಚಾಚುವಷ್ಟು ಎತ್ತರಕ್ಕೆ ನಿಲ್ಲಿಸಿ. ಮನೆಯ ಮೂಲೆಯಲ್ಲಿಟ್ಟರೆ ಪ್ರಯೋಜನವಿಲ್ಲ. ಕಂಬವು ಬೆಕ್ಕು ಮಲಗುವ ಜಾಗದ ಪಕ್ಕದಲ್ಲಿ, ಇಲ್ಲವೇ ಈಗಾಗಲೇ ಪರಚುತ್ತಿರುವ ಸೋಫಾದ ಮುಂದೆಯೇ ಇರಬೇಕು, ಏಕೆಂದರೆ ಬೆಕ್ಕು ನಿದ್ದೆಯಿಂದ ಎದ್ದ ಕೂಡಲೇ ಪರಚಲು ಹುಡುಕುತ್ತದೆ. ಎರಡು ಮೂರು ವಾರಕ್ಕೊಮ್ಮೆ ಉಗುರಿನ ಚೂಪು ತುದಿಯನ್ನಷ್ಟೇ ಕತ್ತರಿಸಿ. ಒಳಗೆ ಗುಲಾಬಿ ಬಣ್ಣ ಕಾಣುವ ಭಾಗದಲ್ಲಿ ರಕ್ತನಾಳವೂ ನರವೂ ಇರುತ್ತವೆ, ಅಲ್ಲಿಗೆ ಕತ್ತರಿ ತಾಕಬಾರದು. ಹೇಗೆ ಹಿಡಿಯಬೇಕು, ಎಲ್ಲಿಗೆ ಕತ್ತರಿಸಬೇಕು ಎಂದು ಕೇಳಿದರೆ ಯಾವ ಪಶುವೈದ್ಯರಾದರೂ ನಿಮ್ಮ ಬೆಕ್ಕಿನ ಮೇಲೆಯೇ ತೋರಿಸಿಕೊಡುತ್ತಾರೆ.