ಅಗ್ಗದ ಇಯರ್‌ಬಡ್: ಯಾರಿಗೆ ಅಗ್ಗ?

ಸಾವಿರ ರೂಪಾಯಿಯೊಳಗೆ ತಂತಿಯಿಲ್ಲದ ಇಯರ್‌ಬಡ್ ದೊರೆಯುತ್ತಿರುವಾಗ ಅದರ ವಿರುದ್ಧ ಬರೆಯುವುದು ಹಳಬರ ಗೊಣಗಾಟವೆಂದು ವಿದ್ಯಾರ್ಥಿ ಮಿತ್ರರಿಗೆ ತೋರಬಹುದು. ಬಸ್ಸಿನಲ್ಲಿ ಹಾಡನ್ನೋ ಪಾಠವನ್ನೋ ಕೇಳುವುದಕ್ಕೆ ನಮ್ಮ ತಕರಾರಿಲ್ಲ. ತಕರಾರಿರುವುದು ಈ ವಸ್ತುವನ್ನು ನಾವು ಅಳೆಯುತ್ತಿರುವ ಮಾನದಂಡದ ಬಗ್ಗೆ.

ಪೆಟ್ಟಿಗೆಯ ಮೇಲೆ '40 ಗಂಟೆ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಅದು ಡಬ್ಬಿಯಲ್ಲಿಟ್ಟು ಮತ್ತೆ ಮತ್ತೆ ಚಾರ್ಜ್ ಮಾಡಿದಾಗಿನ ಒಟ್ಟು ಲೆಕ್ಕ. ಒಮ್ಮೆ ಕಿವಿಗಿಟ್ಟಾಗ ದೊರೆಯುವುದು ಅದರ ಸಣ್ಣ ಪಾಲು. 'ಇಎನ್‌ಸಿ' ಎಂದಿದ್ದರೆ ಹೊರಗಿನ ಗದ್ದಲ ನಮಗೆ ಕೇಳಿಸದೆಂದು ಅನೇಕರು ನಂಬಿದ್ದಾರೆ. ಅದು ಫೋನಿನಲ್ಲಿ ಮಾತಾಡುವಾಗ ನಮ್ಮ ಸುತ್ತಲಿನ ಸದ್ದು ಆಚೆಯವರಿಗೆ ಕೇಳಿಸದಂತೆ ಮಾಡುವ ಏರ್ಪಾಡು ಮಾತ್ರ. ನಮ್ಮ ಕಿವಿಗೆ ಬೇಕಾದುದು 'ಎಎನ್‌ಸಿ'. 'ಐಪಿಎಕ್ಸ್4' ಎಂಬುದು ಸಿಡಿದ ಹನಿಯನ್ನು ತಡೆದೀತು. ನಮ್ಮ ಆಷಾಢದ ಮಳೆಯನ್ನಲ್ಲ. (ಆನೆ ಓಡಾಡುವ ತೋಟದ ದಾರಿಯಲ್ಲಿ ಎರಡೂ ಕಿವಿ ಮುಚ್ಚಿಕೊಂಡು ನಡೆಯುವವರಿಗೆ ಯಾವ ಅಂಕಿಯೂ ರಕ್ಷಣೆ ಕೊಡದು.)

ಅಚ್ಚಾಗದೆ ಉಳಿಯುವ ಅಂಕಿಯೇ ಮುಖ್ಯವಾದುದು: ಇದು ಎಷ್ಟು ವರ್ಷ ಬಾಳುತ್ತದೆ? ಒಂದು ಜೊತೆಯಲ್ಲಿ ಮೂರು ಲಿಥಿಯಂ ಬ್ಯಾಟರಿಗಳಿರುತ್ತವೆ, ಕಿವಿಗೊಂದರಂತೆ ಎರಡು, ಡಬ್ಬಿಯಲ್ಲೊಂದು. ಕಿವಿಯದು ಫೋನಿನ ಬ್ಯಾಟರಿಯ ನೂರನೆಯ ಒಂದು ಪಾಲಿನಷ್ಟಿದ್ದೀತು. ಇಂತಹ ಬ್ಯಾಟರಿ ಸುಮಾರು 300ರಿಂದ 500 ಬಾರಿ ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ ಕಸುವು ಕಳೆದುಕೊಳ್ಳತೊಡಗುತ್ತದೆ. ದಿನವೂ ಬಳಸುವವರಿಗೆ ಅದು ಒಂದೆರಡು ವರ್ಷದ ಬಾಳು. ಬದಲಿಸೋಣವೆಂದರೆ ಅಂಟು ಹಾಕಿ ಮುಚ್ಚಿರುತ್ತಾರೆ. ಬಿಚ್ಚುವಂತೆ ಮಾಡಲಾಗದೆಂಬ ಮಾತು ಸುಳ್ಳು. ನೆದರ್ಲೆಂಡ್ಸಿನ ಫೇರ್‌ಫೋನ್ ಸಂಸ್ಥೆ 2024ರಲ್ಲಿ, ಬಳಸುವವರೇ ಬ್ಯಾಟರಿ ಬದಲಿಸಬಹುದಾದ ಇಯರ್‌ಬಡ್ ತಂದಿತು. ಬೆಲೆ ಹೆಚ್ಚು, ನಿಜ. ಆದರೆ ಅಗ್ಗದ್ದನ್ನು ನಾಲ್ಕು ಬಾರಿ ಕೊಂಡವರ ಲೆಕ್ಕವನ್ನೂ ಕೂಡಿಸಬೇಕಲ್ಲವೇ?

ಈ ಬೇಡಿಕೆಯಾದರೂ ತಾನಾಗಿ ಹುಟ್ಟಿದ್ದಲ್ಲ. 2016ರಲ್ಲಿ ಆಪಲ್ ತನ್ನ ಐಫೋನ್ 7ರಿಂದ ಇಯರ್‌ಫೋನಿನ ರಂಧ್ರವನ್ನು ತೆಗೆದುಹಾಕಿತು. ಅದೇ ವರ್ಷ ತಂತಿಯಿಲ್ಲದ ಏರ್‌ಪಾಡ್ಸ್ ಮಾರಾಟಕ್ಕಿಟ್ಟಿತು. ಉಳಿದವರು ಹಿಂಬಾಲಿಸಿದರು. ರಂಧ್ರವಿರುವ ಫೋನು ಕೈಯಲ್ಲಿದ್ದರೆ ತಂತಿಯ ಇಯರ್‌ಫೋನೇ ಸಾಕು. ಅದಕ್ಕೆ ಬ್ಯಾಟರಿ ಬೇಡ; ತಂತಿ ತುಂಡಾದರೆ ಬೆಸುಗೆ ಹಾಕಿಸಬಹುದು.

ಕೆಟ್ಟ ಇಯರ್‌ಬಡ್ ನಮ್ಮ ಹಳ್ಳಿಗಳಲ್ಲಿ ಎಲ್ಲಿಗೆ ಹೋಗುತ್ತದೆ? ತರಗೆಲೆಯೊಡನೆ ಬೆಂಕಿಗೆ, ಇಲ್ಲವೇ ಹಳ್ಳಕ್ಕೆ. ಲಿಥಿಯಂ ಬ್ಯಾಟರಿ ಸುಟ್ಟಾಗ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಹೊರಬರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಆಕಾರ, ತೂಕಗಳ ಭೇದವಿಲ್ಲದೆ ಎಲ್ಲ ಬ್ಯಾಟರಿಗಳಿಗೂ ಅನ್ವಯಿಸುತ್ತವೆ. ಅವನ್ನು ಮರಳಿ ಪಡೆದು ಸಂಸ್ಕರಿಸುವ ಹೊಣೆ ಉತ್ಪಾದಕರದೆಂದು ಸ್ಪಷ್ಟವಾಗಿ ಹೇಳುತ್ತವೆ. ಆದ್ದರಿಂದ ಕೊಳ್ಳಲೇಬೇಕಾದವರು ಹಣ ಎಣಿಸುವ ಮುನ್ನ ಅಂಗಡಿಯವರನ್ನು ಎರಡು ಪ್ರಶ್ನೆ ಕೇಳಲಿ: ಇದರ ಬ್ಯಾಟರಿ ಬದಲಿಸಿಕೊಡುವವರು ಯಾರು? ಕೆಟ್ಟ ಮೇಲೆ ಇದೇ ಪೇಟೆಯಲ್ಲಿ ಹಿಂದಕ್ಕೆ ಪಡೆಯುವವರು ಯಾರು?