ಕೊಂಡ ಗಾಡಿ ಮನೆ ಸೇರುವ ತನಕ

ಆಲ್ದೂರಿನ ಓದುಗರೊಬ್ಬರ ಕಾಗದ ಈ ವಾರ ನಮ್ಮ ಮೇಜಿನ ಮೇಲಿದೆ. ಅವರು ಕಾಸರಗೋಡಿಗೆ ಹೋಗಿ, ಹನ್ನೆರಡು ವರ್ಷ ದುಡಿದ ಜೀಪೊಂದನ್ನು ನೋಡಿ ಬಂದಿದ್ದಾರೆ. ಎಂಜಿನ್ನು ಗಟ್ಟಿಯಾಗಿದೆ, ಬೆಲೆ ಹಿಡಿಸಿದೆ, ಮಾರುವವರೂ ಸಜ್ಜನರು. “ಟ್ಯಾಕ್ಸ್ ಎಲ್ಲ ಕಟ್ಟಿ ಆಗಿದೆ ಮಾರಾಯ್ರೆ, ನೀವು ಸುಮ್ಮನೆ ಕೊಂಡು ಹೋಗಿ” ಎಂದರಂತೆ. ಆದರೆ ಆ ತೆರಿಗೆ ಸಂದಿರುವುದು ಕೇರಳಕ್ಕೆ. ಜೀಪು ಇನ್ನು ಓಡಬೇಕಾಗಿರುವುದು ಕರ್ನಾಟಕದಲ್ಲಿ. ಇಲ್ಲಿಯ ರಸ್ತೆ ತೆರಿಗೆಯನ್ನು ಕಟ್ಟದೆ ಗಾಡಿಯನ್ನು ಮನೆಯವರೆಗೆ ಓಡಿಸಿಕೊಂಡು ಬರುವುದು ನ್ಯಾಯವೋ, ಅಪರಾಧವೋ ಎಂಬುದು ಅವರ ಪ್ರಶ್ನೆ.

ಇದು ಒಬ್ಬರ ಪ್ರಶ್ನೆಯಲ್ಲ. ಕಾಫಿಯ ಕೊಯ್ಲು ಮುಗಿದು, ಕಣದಿಂದ ಚೀಲಗಳು ಎದ್ದು, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲದಲ್ಲಿ ಮಲೆನಾಡಿನ ಊರೂರಿಗೂ ಹಳೆಯ ಗಾಡಿಗಳು ಬಂದು ಸೇರುವುದುಂಟು. ಹೊಸ ಕಾರಾದರೆ ಅಂಗಡಿಯವರೇ ಕಾಗದಪತ್ರಗಳನ್ನು ನೋಡಿಕೊಳ್ಳುತ್ತಾರೆ. ಹಳೆಯದಾದರೆ ಕೊಂಡವನೇ ಗುಮಾಸ್ತ, ಕೊಂಡವನೇ ವಕೀಲ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ತರಬಹುದು. 1988ರ ಮೋಟಾರು ವಾಹನಗಳ ಅಧಿನಿಯಮದ 46ನೆಯ ಕಲಮಿನಂತೆ, ಭಾರತದ ಒಂದು ರಾಜ್ಯದಲ್ಲಿ ಸಕ್ರಮವಾಗಿ ನೋಂದಣಿಯಾದ ಗಾಡಿಗೆ ದೇಶದ ಇತರ ಭಾಗಗಳಲ್ಲಿ ಸಂಚರಿಸಲು ಬೇರೆ ನೋಂದಣಿ ಬೇಕಿಲ್ಲ. ಕೇರಳದ ಫಲಕ ಹೊತ್ತ ಗಾಡಿ ತಲಪಾಡಿಯನ್ನು ದಾಟಿದ ಮಾತ್ರಕ್ಕೆ ಅನಾಥವಾಗುವುದಿಲ್ಲ. ನೋಂದಣಿಪತ್ರದ ಅವಧಿ ಉಳಿದಿರಬೇಕು, ಅಲ್ಲಿಯ ತೆರಿಗೆ ಬಾಕಿಯಿರಬಾರದು, ವಿಮೆ ಚಾಲ್ತಿಯಲ್ಲಿರಬೇಕು, ಹೊಗೆ ತಪಾಸಣೆಯ ಪತ್ರವಿರಬೇಕು, ಓಡಿಸುವವರಲ್ಲಿ ಲೈಸೆನ್ಸ್ ಇರಬೇಕು. ಇಷ್ಟಿದ್ದರೆ ಮಂಗಳೂರು, ಉಜಿರೆಗಳನ್ನು ಹಾಯ್ದು, ಚಾರ್ಮಾಡಿ ಘಟ್ಟವನ್ನು ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮೂಡಿಗೆರೆಯ ಮೇಲೆ ನಿಶ್ಚಿಂತೆಯಿಂದ ಆಲ್ದೂರಿಗೆ ಬರಬಹುದು. ಇದು ಸ್ವಂತ ಬಳಕೆಯ ಬಿಳಿಯ ಫಲಕದ ಗಾಡಿಗೆ ಹೇಳಿದ ಮಾತು. ಬಾಡಿಗೆಗೆ ಓಡುವ ಹಳದಿ ಫಲಕದ ಸರಕುಗಾಡಿಗಾದರೆ ಪರವಾನಗಿ, ಅರ್ಹತಾಪತ್ರ ಎಂದು ಬೇರೆಯೇ ಒಂದು ಪುರಾಣವಿದೆ. ಅದನ್ನು ಇಲ್ಲಿ ತೆರೆಯುವುದಿಲ್ಲ.

ಈ ವಿಷಯದಲ್ಲಿ ನಮ್ಮ ದೇಶದ ಪದ್ಧತಿ ಇಂಗ್ಲೆಂಡಿನದಕ್ಕಿಂತ ಎಷ್ಟೋ ಉದಾರವಾದುದು. ಅಲ್ಲಿ ಕಾರಿನ ಗಾಜಿಗೆ ದುಂಡನೆಯ ತೆರಿಗೆ ಚೀಟಿಯನ್ನು ಅಂಟಿಸುವ ಸಂಪ್ರದಾಯ 1921ರಿಂದ ನಡೆದುಬಂದಿತ್ತು. 2014ರ ಅಕ್ಟೋಬರ್ 1ರಂದು ಆ ಚೀಟಿಯನ್ನು ಎತ್ತಿಹಾಕಿದರು. ಅದರೊಡನೆ, ಮಾರಿದವನು ಕಟ್ಟಿದ ತೆರಿಗೆ ಕೊಂಡವನಿಗೆ ಸಲ್ಲುವುದೂ ನಿಂತುಹೋಯಿತು. ಮಾರಿದವನಿಗೆ ಉಳಿದ ಪೂರ್ಣ ತಿಂಗಳುಗಳ ಹಣ ಹಿಂದಕ್ಕೆ ಬರುತ್ತದೆ. ಕೊಂಡವನು ತನ್ನ ಹೆಸರಿನಲ್ಲಿ ಹೊಸದಾಗಿ ತೆರಿಗೆ ಕಟ್ಟಿದ ಮೇಲೆಯೇ ಚಕ್ರ ಉರುಳಿಸಬೇಕು. ಮೊದಲೇ ಗೊತ್ತುಮಾಡಿಕೊಂಡ ವಾರ್ಷಿಕ ಪರೀಕ್ಷೆಗೆ ಒಯ್ಯುವುದೊಂದೇ ಅಲ್ಲಿ ದೊಡ್ಡ ವಿನಾಯಿತಿ. ನಮ್ಮಲ್ಲಿ ಹಾಗಲ್ಲ. ಸ್ವಂತ ಕಾರಿನ ಆಜೀವ ತೆರಿಗೆ ಗಾಡಿಗೆ ಅಂಟಿಕೊಂಡಿರುತ್ತದೆಯೇ ಹೊರತು ಧಣಿಗಲ್ಲ. ಹಾಸನದಲ್ಲಿಯೋ ಶಿವಮೊಗ್ಗದಲ್ಲಿಯೋ ಕೊಂಡ ಕಾರಾದರೆ ನಮ್ಮ ಓದುಗರ ಪ್ರಶ್ನೆಯೇ ಏಳುತ್ತಿರಲಿಲ್ಲ. ಕರ್ನಾಟಕಕ್ಕೆ ಒಮ್ಮೆ ಸಂದ ತೆರಿಗೆ, ಗಾಡಿ ಎಷ್ಟು ಕೈ ಬದಲಾಯಿಸಿದರೂ ಕರ್ನಾಟಕದೊಳಗೆ ಸಂದದ್ದೇ.

ತೊಡಕಿರುವುದು ಗಡಿಯಲ್ಲಿ. ಈ ಗಡಿಯ ಕಥೆಯೂ ಸ್ವಾರಸ್ಯವಾಗಿದೆ. 1956ರ ನವೆಂಬರ್ 1ಕ್ಕೆ ಮುಂಚೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕು. ಆ ಜಿಲ್ಲೆಯಾದರೋ ಮದರಾಸು ರಾಜ್ಯಕ್ಕೆ ಸೇರಿದ್ದಿತು. ಅಂದು ಕಾಸರಗೋಡಿನ ಕಾರು ಮಂಗಳೂರಿಗೆ ಹೋದರೆ ಜಿಲ್ಲೆಯನ್ನೂ ದಾಟುತ್ತಿರಲಿಲ್ಲ. ಚಾರ್ಮಾಡಿಯನ್ನು ಹತ್ತಿ ಮೈಸೂರು ಸೀಮೆಗೆ ಕಾಲಿಟ್ಟಾಗ ಮಾತ್ರ ಪರರಾಜ್ಯದ್ದಾಗುತ್ತಿತ್ತು. ಏಕೀಕರಣವಾದ ಮೇಲೆ ಗೆರೆ ಘಟ್ಟದಿಂದಿಳಿದು ತಲಪಾಡಿಗೆ ಸರಿಯಿತು. ಮಂಗಳೂರು ನಮ್ಮದಾಯಿತು, ಕಾಸರಗೋಡು ಆಚೆಯದಾಯಿತು. ಮರುವರ್ಷವೇ, 1957ರಲ್ಲಿ, ಹೊಸ ಮೈಸೂರು ರಾಜ್ಯ ತನ್ನ ಮೋಟಾರು ವಾಹನ ತೆರಿಗೆಯ ಅಧಿನಿಯಮವನ್ನು ಮಾಡಿತು. ಇಂದು ಕರ್ನಾಟಕದ ಹೆಸರಿನಲ್ಲಿ ನಡೆಯುತ್ತಿರುವುದು ಅದೇ ಶಾಸನ. ಕನ್ನಡ ಮಾತನಾಡುವ ಇಬ್ಬರ ನಡುವೆ ನಡೆದ ವ್ಯಾಪಾರದಲ್ಲಿ ಎರಡು ಸರ್ಕಾರಗಳಿಗೆ ತೆರಿಗೆ ಕಟ್ಟಬೇಕಾದ ಸಂದರ್ಭ ಒದಗಿದ್ದು ಹೀಗೆ.

ಕಟ್ಟುವುದು ತಪ್ಪುವುದಿಲ್ಲ, ಆದರೆ ದಾರಿಯಲ್ಲಲ್ಲ, ಮನೆ ಸೇರಿದ ಮೇಲೆ. ಗಾಡಿ ಚಿಕ್ಕಮಗಳೂರಿನ ಸಾರಿಗೆ ಕಚೇರಿಯಲ್ಲಿ ಕೇರಳದ 14ನ್ನು ಬಿಟ್ಟು ನಮ್ಮ ಜಿಲ್ಲೆಯ 18ನ್ನು ಹಾಕಿಕೊಳ್ಳುವಾಗ ತೆರಿಗೆಯನ್ನು ಎಣಿಸುತ್ತಾರೆ. ಹೊಸ ಕಾರಿಗೆ ಬೆಲೆಯನ್ನನುಸರಿಸಿ ನೂರಕ್ಕೆ 13ರಿಂದ 18ರವರೆಗೆ ಆಜೀವ ತೆರಿಗೆ, ಮೇಲೆ ಕರದ ಮೇಲಿನ ಕರ. ಹಳೆಯದಕ್ಕೆ ವಯಸ್ಸು ಹೆಚ್ಚಿದಷ್ಟೂ ಆ ಮೊತ್ತ ಇಳಿಯುತ್ತ ಹೋಗುತ್ತದೆ. ಇಳಿದರೂ ಅದು ಹಗುರವಲ್ಲ. ಜೀಪಿನ ಬೆಲೆಯನ್ನು ಕುದುರಿಸುವ ಮುಂಚೆಯೇ ಈ ಲೆಕ್ಕವನ್ನು ವಿಚಾರಿಸಿಕೊಳ್ಳಬೇಕು. ಕೇರಳದಲ್ಲಿ ಹದಿನೈದು ವರ್ಷಕ್ಕೆಂದು ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಅಲ್ಲಿಯ ಕಚೇರಿಯಿಂದ ಹಿಂದಕ್ಕೆ ಕೇಳುವ ಕ್ರಮವುಂಟು. ಕೇಳುವುದು ಸುಲಭ, ಕೈಗೆ ಬರುವುದಕ್ಕೆ ತಾಳ್ಮೆ ಬೇಕು.

ಎಷ್ಟು ದಿನದೊಳಗೆ ಎಂಬಲ್ಲಿ ಜನರು ದಾರಿ ತಪ್ಪುವುದುಂಟು. ಕೇಂದ್ರದ ಅಧಿನಿಯಮ, ಪರರಾಜ್ಯದ ಗಾಡಿ ಹನ್ನೆರಡು ತಿಂಗಳು ಮೀರಿ ಇಲ್ಲಿ ನಿಂತರೆ ಹೊಸ ಸಂಖ್ಯೆ ಪಡೆಯಬೇಕೆನ್ನುತ್ತದೆ. ನಮ್ಮ ರಾಜ್ಯ 2014ರಲ್ಲಿ ಮೂವತ್ತು ದಿನ ಮೀರಿದರೆ ಆಜೀವ ತೆರಿಗೆ ಎಂದು ತಿದ್ದುಪಡಿ ತಂದಿತು. 2016ರಲ್ಲಿ ಉಚ್ಚ ನ್ಯಾಯಾಲಯದ ಪೀಠವೊಂದು ಅದನ್ನು ತಳ್ಳಿಹಾಕಿತು. ಇದನ್ನೇ ಹಿಡಿದುಕೊಂಡು “ಒಂದು ವರ್ಷ ಚಿಂತೆಯಿಲ್ಲ” ಎನ್ನುವವರಿದ್ದಾರೆ. ಆ ಹನ್ನೆರಡು ತಿಂಗಳು ತನ್ನದೇ ಗಾಡಿಯೊಡನೆ ಉದ್ಯೋಗಕ್ಕೋ ವ್ಯಾಸಂಗಕ್ಕೋ ಬಂದು ಹೋಗುವವನಿಗೆ ಒದಗುವ ಸೌಕರ್ಯ. ಕೊಂಡು ತಂದವನಿಗೆ 50ನೆಯ ಕಲಮು ಬೇರೆಯೇ ಗಡುವನ್ನಿಟ್ಟಿದೆ: ಮಾಲೀಕತ್ವ ಬದಲಾದ ಮೂವತ್ತು ದಿನಗಳೊಳಗೆ ತನ್ನ ಊರಿನ ಕಚೇರಿಗೆ ವರದಿಮಾಡಬೇಕು. ದೊಡ್ಡವರೂ ಇದರಿಂದ ಪಾರಾಗಿಲ್ಲ. 2025ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರದ ಫಲಕವಿದ್ದ ಫೆರಾರಿ ಕಾರೊಂದಕ್ಕೆ 1 ಕೋಟಿ 42 ಲಕ್ಷ ರೂಪಾಯಿಯಷ್ಟು ತೆರಿಗೆಯನ್ನು ಸಾರಿಗೆ ಇಲಾಖೆ ವಸೂಲುಮಾಡಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ನಮ್ಮ ಓದುಗರ ಜೀಪಿಗೆ ಅಂಥ ಗೌರವ ದೊರೆಯಲಾರದು.

ಇಷ್ಟು ಹೇಳಿದ ಮೇಲೂ, ತೆರಿಗೆಯ ಚಿಂತೆ ಇಲ್ಲಿ ಎರಡನೆಯದೆಂದೇ ನಮ್ಮ ಅಭಿಪ್ರಾಯ. ತೆರಿಗೆ ತಡವಾದರೆ ಹೋಗುವುದು ಹಣ. ಗಾಡಿ ಕೈಬದಲಾದ ದಿನದಿಂದ ಹೆಸರು ಬದಲಾಗುವ ದಿನದವರೆಗಿನ ಅವಧಿಯಿದೆಯಲ್ಲ, ಅದರಲ್ಲಿ ಹೋಗಬಹುದಾದದ್ದು ಮನೆ-ತೋಟ.

ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿಯಲ್ಲಿ ತೀರ್ಮಾನಿಸಿದ ಒಂದು ಮೊಕದ್ದಮೆಯನ್ನು ನೋಡಿ. ಒಬ್ಬರು 2007ರಲ್ಲಿ ತಮ್ಮ ಕಾರನ್ನು ಮಾರಿದರು. ಕೊಂಡವರು ಮತ್ತೊಬ್ಬರಿಗೆ, ಅವರು ಮಗುದೊಬ್ಬರಿಗೆ ಎಂದು ಅದು ಕೈಯಿಂದ ಕೈಗೆ ಹೋಯಿತು. ನೋಂದಣಿ ಪುಸ್ತಕದಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿಯಿತು. 2009ರ ಮೇ ತಿಂಗಳಿನಲ್ಲಿ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದಾಗ ಅದರ ಚಕ್ರಕ್ಕೆ ಸಿಕ್ಕಿ ಒಂದು ಮಗು ಸತ್ತಿತು. ಪರಿಹಾರ ಕೊಡಬೇಕಾದವರು ಯಾರು? ಎರಡು ವರ್ಷದ ಹಿಂದೆಯೇ ಕಾರನ್ನು ಕೊಟ್ಟು ಕೈತೊಳೆದುಕೊಂಡಿದ್ದವರೇ ಎಂದು ನ್ಯಾಯಾಲಯ ಹೇಳಿತು. ಶಾಸನದ ದೃಷ್ಟಿಯಲ್ಲಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಧಣಿ. ಮಗುವನ್ನು ಕಳೆದುಕೊಂಡವರು ನಾಲ್ಕು ಮನೆಯ ಬಾಗಿಲು ತಟ್ಟುತ್ತ ಅಲೆಯಬಾರದೆಂಬುದು ನ್ಯಾಯಾಲಯದ ಕಾಳಜಿ. ಅದು ಸರಿಯಾದ ಕಾಳಜಿಯೆಂದೇ ನಮಗೂ ತೋರುತ್ತದೆ. ಕಾಸರಗೋಡಿನ ಸಜ್ಜನರು “ಸುಮ್ಮನೆ ಕೊಂಡು ಹೋಗಿ” ಎನ್ನುವಾಗ ತಮ್ಮ ಕೊರಳನ್ನೂ ಕೊಟ್ಟು ಕಳುಹಿಸುತ್ತಿದ್ದಾರೆಂಬುದು ಅವರಿಗೆ ತಿಳಿದಿರಲಾರದು.

ಕೊಂಡವರಿಗೂ ಕುತ್ತು ಉಂಟು. ವಿಮೆ ಗಾಡಿಯ ಜೊತೆಗೆ ಅರ್ಧ ಮಾತ್ರ ಬರುತ್ತದೆ. 157ನೆಯ ಕಲಮಿನಂತೆ ದಾರಿಹೋಕರಿಗೆ, ಅಂದರೆ ಮೂರನೆಯವರಿಗೆ, ಆಗುವ ಹಾನಿಯ ಮಟ್ಟಿಗೆ ಹಳೆಯ ವಿಮೆ ಕೊಂಡವನ ಹೆಸರಿಗೆ ತಾನಾಗಿ ವರ್ಗವಾದಂತೆ. ಹದಿನಾಲ್ಕು ದಿನದೊಳಗೆ ಕಂಪೆನಿಗೆ ಅರ್ಜಿ ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕು. ಆದರೆ ಸ್ವಂತ ಗಾಡಿಗೆ ಆಗುವ ಹಾನಿಯ ವಿಮೆ ಹಾಗೆ ತಾನಾಗಿ ಬರುವುದಿಲ್ಲವೆಂದು 1995ರಷ್ಟು ಹಿಂದೆಯೇ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಅದು ಕಂಪೆನಿ ಒಪ್ಪಿದ ಮೇಲೆಯೇ ಸಲ್ಲುವಂಥದು. ಚಾರ್ಮಾಡಿಯ ಮಂಜಿನಲ್ಲಿ ಜೀಪು ಬಂಡೆಗೆ ತಾಗಿದರೆ, ಮಾರಿದವರ ಹೆಸರಿನ ವಿಮೆಯಿಂದ ಒಂದು ಕಾಸೂ ಹುಟ್ಟದಿರಬಹುದು. ಆದ್ದರಿಂದ ಹೊರಡುವ ಮುಂಚೆ ತಮ್ಮ ಹೆಸರಿಗೆ ವಿಮೆಯನ್ನು ಮಾಡಿಸಿಕೊಂಡು ಹೊರಡುವುದೇ ಲೇಸು. ವಿಮೆಯೇ ಇಲ್ಲದೆ ಓಡಿಸಿದರಂತೂ ಮೊದಲ ಸಲಕ್ಕೆ 2000 ರೂಪಾಯಿ ದಂಡ, ಇಲ್ಲವೆ ಮೂರು ತಿಂಗಳ ಸೆರೆ, ಅಥವಾ ಎರಡೂ.

ಹಾಗಾದರೆ ಕೆಲಸದ ಕ್ರಮ ಹೇಗಿರಬೇಕು? ಮೊದಲು ಮುಂಗಡ ಕೊಡಲಿ, ಗಾಡಿ ಅಲ್ಲಿಯೇ ನಿಂತಿರಲಿ. ಮಾರುವವರು ಕಾಸರಗೋಡಿನ ಕಚೇರಿಯಲ್ಲಿ 28ನೆಯ ನಮೂನೆಯಲ್ಲಿ ಅರ್ಜಿ ಹಾಕಿ, ಜನರು ಎನ್.ಓ.ಸಿ. ಎನ್ನುವ ನಿರಾಕ್ಷೇಪಣಾ ಪತ್ರವನ್ನು ಪಡೆಯಲಿ. ಹಳೆಯ ದಂಡ, ಬಾಕಿ ತೆರಿಗೆ, ಬ್ಯಾಂಕಿನ ಸಾಲ ಇವೆಲ್ಲ ಆಗ ಬೆಳಕಿಗೆ ಬರುತ್ತವೆ. ಪತ್ರ ಬಂದ ಮೇಲೆ 29 ಮತ್ತು 30ನೆಯ ನಮೂನೆಗಳಿಗೆ ಇಬ್ಬರೂ ರುಜು ಹಾಕಿ, ಗಾಡಿಯನ್ನು ಒಪ್ಪಿಸಿದ ತಾರೀಖನ್ನೂ ಗಂಟೆಯನ್ನೂ ಬರೆದ ಒಂದು ಚೀಟಿಯನ್ನು ಇಬ್ಬರೂ ಇಟ್ಟುಕೊಳ್ಳಲಿ. ಗಂಟೆ ಏಕೆಂದು ಕೇಳಬೇಡಿ. ಮಧ್ಯಾಹ್ನ ಮೂರಕ್ಕೆ ಆದ ಅಪಘಾತಕ್ಕೆ ನಾಲ್ಕಕ್ಕೆ ಮಾರಿದೆನೋ ಎರಡಕ್ಕೆ ಮಾರಿದೆನೋ ಎಂಬುದು ಜೀವಮಾನದ ಪ್ರಶ್ನೆಯಾದೀತು. ವ್ಯಾಪಾರಿಯ ಮೂಲಕ ಕೊಳ್ಳುವುದಾದರೆ, 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮಗಳಂತೆ ಅವರು ಅಧಿಕೃತ ಪತ್ರ ಪಡೆದವರೇ ಎಂದು ಕೇಳಬೇಕು. ಅಂಥವರ ವಶಕ್ಕೆ ಬಂದ ಗಾಡಿಗೆ, ಮಾರಾಟವಾಗುವ ತನಕ, ಅವರೇ ಧಣಿಯೆಂದು ಶಾಸನ ಎಣಿಸುತ್ತದೆ.

ತನ್ನ ಚಕ್ರದ ಮೇಲೆ ಬರಲೇಬಾರದ ಗಾಡಿಯೂ ಒಂದುಂಟು. ಸ್ವಂತ ಗಾಡಿಯ ನೋಂದಣಿಗೆ ಹದಿನೈದು ವರ್ಷ ಆಯಸ್ಸು. ಆಮೇಲೆ ಪರೀಕ್ಷೆಗೊಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು. ನವೀಕರಿಸದೆ ಬಿಟ್ಟ ಗಾಡಿ ನೋಂದಣಿಯಿಲ್ಲದ್ದಕ್ಕೆ ಸಮಾನ. ದಂಡ 5000 ರೂಪಾಯಿಯವರೆಗೆ. ಅಗ್ಗಕ್ಕೆ ಸಿಕ್ಕಿತೆಂದು ಇಂಥದನ್ನು ಕೊಂಡವರು ಲಾರಿಯ ಮೇಲೆ ಹೇರಿಸಿಕೊಂಡು ಬರಲಿ. ಹಗ್ಗ ಕಟ್ಟಿ ಎಳೆತರುವುದು ಕೆಟ್ಟುನಿಂತ ಗಾಡಿಯನ್ನು ಹತ್ತಿರದ ಗ್ಯಾರೇಜಿಗೆ ಮುಟ್ಟಿಸಲು ಕೊಟ್ಟಿರುವ ಅವಕಾಶ, ಘಟ್ಟ ಹತ್ತಿಸಲು ಕೊಟ್ಟದ್ದಲ್ಲ. 2021ರಲ್ಲಿ ಬಂದ ಭಾರತ ಸರಣಿಯ ಫಲಕವಿದ್ದರೆ ಮತ್ತೊಂದು ಎಚ್ಚರಿಕೆ: ಅದರ ತೆರಿಗೆ ಆಜೀವವಲ್ಲ, ಎರಡೆರಡು ವರ್ಷದ ಲೆಕ್ಕದ್ದು. ಅವಧಿ ಮೀರಿ ಏಳು ದಿನವಾದರೆ ದಿನಕ್ಕೆ 100 ರೂಪಾಯಿ ಏರುತ್ತದೆ. ರಸ್ತೆ ತೆರಿಗೆಯಿಲ್ಲದ ಕಾರನ್ನು ಅರಿಯದೆಯೇ ಕೊಂಡುಬಿಡುವ ಸಂಭವ ನಮ್ಮಲ್ಲಿ ಹೆಚ್ಚಾಗಿರುವುದು ಇಲ್ಲಿಯೇ.

“ರಸ್ತೆಗೇ ಇಳಿಸುವುದಿಲ್ಲ, ತೋಟದೊಳಗೆ ಗೊಬ್ಬರ ಹೊರುವುದಕ್ಕೆ” ಎನ್ನುವವರೂ ಈ ಸೀಮೆಯಲ್ಲಿ ಕಡಮೆಯಿಲ್ಲ. ಸಾರ್ವಜನಿಕರಿಗೆ ಪ್ರವೇಶದ ಹಕ್ಕಿಲ್ಲದ ತೋಟದ ದಾರಿಗೆ ಈ ಕಟ್ಟಳೆಗಳ ಬಿಗಿ ಅಷ್ಟಾಗಿ ತಟ್ಟುವುದಿಲ್ಲ, ನಿಜ. ಆದರೆ ನೋಂದಣಿ ಚಾಲ್ತಿಯಲ್ಲಿರುವ ಗಾಡಿ ಕೊಟ್ಟಿಗೆಯಲ್ಲಿ ನಿಂತಿದ್ದರೂ ರಸ್ತೆಗೆ ಯೋಗ್ಯವೆಂದೇ ತೆರಿಗೆಯ ಶಾಸನ ಭಾವಿಸುತ್ತದೆ. ಮೇಲಿನ ತೋಟಕ್ಕೂ ಕೆಳಗಿನ ತೋಟಕ್ಕೂ ನಡುವೆ ಪಂಚಾಯಿತಿಯ ರಸ್ತೆ ಹಾಯ್ದಿದ್ದರೆ, ಆ ಹತ್ತು ಗಜವನ್ನು ದಾಟುವುದಕ್ಕೂ ನೋಂದಣಿ, ವಿಮೆ ಎರಡೂ ಬೇಕು.

ಪತ್ರ ಬರೆದ ಮಹನೀಯರ ಜೀಪಿಗೆ ಮೊದಲ ನೋಂದಣಿಯಲ್ಲಿ ಇನ್ನೂ ಮೂರು ವರ್ಷ ಉಳಿದಿರುವಂತೆ ಕಾಣುತ್ತದೆ. ಆ ಭಯ ಅವರಿಗಿಲ್ಲ. ಕಾಗದಗಳನ್ನು ಫೋನಿನಲ್ಲಿ ತೋರಿಸಿದರೂ ನಿಯಮ ಒಪ್ಪುತ್ತದೆ; ಆದರೂ ಘಟ್ಟದಲ್ಲಿ ಫೋನು ಮೂಕವಾಗುವುದರಿಂದ ಪ್ರತಿಗಳು ಕಿಸೆಯಲ್ಲಿರಲಿ. ತಲಪಾಡಿಯ ಟೋಲ್ ಗೇಟಿನಲ್ಲಿ ಮಾರಿದವರ ಖಾತೆಯಿಂದ ಸುಂಕ ಹೋಗದಂತೆ ಗಾಜಿನ ಫಾಸ್ಟ್‌ಟ್ಯಾಗನ್ನು ಮೊದಲೇ ಕಿತ್ತು ತಮ್ಮದನ್ನು ಹಚ್ಚಿಕೊಳ್ಳಲಿ. ನಿರಾಕ್ಷೇಪಣಾ ಪತ್ರ ಕೈಗೆ ಬರುವಷ್ಟರಲ್ಲಿ ಮಳೆ ಹಿಡಿದಿದ್ದರೆ ಚಾರ್ಮಾಡಿಯ ಸ್ಥಿತಿಯನ್ನು ಕೇಳಿಕೊಂಡು ಹೊರಡಲಿ. 2019ರ ಆಗಸ್ಟಿನಲ್ಲಿ ಅದು ಕುಸಿದು ಸಂಚಾರವೇ ನಿಂತುಹೋಗಿತ್ತು.